ಸಾಕ್ಷ್ಯಚಿತ್ರದ ಮೂಲಪುರುಷ ರಾಬರ್ಟ್ ಫ್ಲಾಹರ್ಟಿ

ನಮ್ಮ ಆಲಂಕಾರಿಕರು ಗದ್ಯಕಾವ್ಯವನ್ನು ಕಥೆಯೆಂದೂ ಆಖ್ಯಾಯಿಕೆಯೆಂದೂ ಇಬ್ಬಗೆಯಾಗಿ ವಿಂಗಡಿಸಿರುವರು. ಕವಿಯ ಕಲ್ಪನೆಯಿಂದ ಹುಟ್ಟಿದುದು ಕಥೆ. ನಡೆದ ವೃತ್ತಾಂತವನ್ನು ಆಧರಿಸಿದುದು ಆಖ್ಯಾಯಿಕೆ. ಬಾಣಭಟ್ಟನ ಕಾದಂಬರಿಯು ಮೊದಲನೆಯದಕ್ಕೂ ಹರ್ಷಚರಿತವು ಎರಡನೆಯದಕ್ಕೂ ಪ್ರಸಿದ್ಧವಾದ ಉದಾಹರಣೆಗಳು. ಆದರೆ ಹರ್ಷಚರಿತವನ್ನು ಓದಿದವರಿಗೆ ಒಂದು ಸಂಗತಿ ತಿಳಿದೇ ಇರುವುದು. ಹರ್ಷನು ನಿಜವಾಗಿ ಬಾಳಿದ ಅರಸನಾದರೂ, ಬಾಣನು ಬರೆದುದು ಕಂಡುದನ್ನು ಕಂಡ ಹಾಗೆ ಬರೆದಿಟ್ಟ ದಿನಚರಿಯಲ್ಲ. ದಂಡಿಯಾದರೋ ಇವೆರಡೂ ಒಂದೇ ಜಾತಿ, ಹೆಸರು ಮಾತ್ರ ಎರಡು ಎಂದು ಹೇಳಿ ಈ ವಿಂಗಡಣೆಯನ್ನೇ ತಳ್ಳಿಹಾಕಿದನು.

ಈ ಹಳೆಯ ವಾದವು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದುದೆಂದು ವಾಚಕರು ಭಾವಿಸಬಾರದು. ಚಲಚ್ಚಿತ್ರಗಳಲ್ಲಿಯೂ ಕಥಾಚಿತ್ರ, ಸಾಕ್ಷ್ಯಚಿತ್ರ ಎಂಬ ಎರಡು ಬಗೆಗಳುಂಟಷ್ಟೆ. ಕಥಾಚಿತ್ರವನ್ನು ನೋಡುವಾಗ ಇದು ಕಟ್ಟಿದ ಕಥೆಯೆಂಬ ಅರಿವು ನಮಗಿರುವುದು. ಸಾಕ್ಷ್ಯಚಿತ್ರದ ಮುಂದೆ ಕುಳಿತಾಗಲಾದರೋ ನಾವೂ ನಮ್ಮ ಮಕ್ಕಳೂ ಕಂಡುದನ್ನೆಲ್ಲ ನಿಜವೆಂದೇ ನಂಬುವೆವು. ಸಾಕ್ಷಿಯೆಂದರೆ ಕಣ್ಣಾರೆ ಕಂಡವನು; ಆತನ ಮಾತಿಗೆ ಬೆಲೆಯುಂಟು. ಆದರೆ ಸಾಕ್ಷಿಯ ಕಣ್ಣೆದುರಿಗೆ ದೃಶ್ಯವನ್ನು ಯಾರಾದರೂ ಮೊದಲೇ ಅಣಿಮಾಡಿ ಇರಿಸಿದ್ದರೆ? ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಸಾಕ್ಷ್ಯಚಿತ್ರದ ಮೂಲಪುರುಷನೆಂದು ಖ್ಯಾತಿವೆತ್ತ ರಾಬರ್ಟ್ ಫ್ಲಾಹರ್ಟಿಯ ಜೀವನಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ತೋರದು. ಈ ಮಹನೀಯನು ನಮ್ಮ ಮೈಸೂರಿನಲ್ಲಿಯೂ ಒಂದು ವರ್ಷಕ್ಕೆ ಮೇಲ್ಪಟ್ಟು ಇದ್ದು ಚಿತ್ರವನ್ನು ತೆಗೆದವನಾದುದರಿಂದ, ಆತನ ವೃತ್ತಾಂತವು ನಮಗೆ ತೀರ ಹೊರಗಿನದೂ ಅಲ್ಲ.

ಫ್ಲಾಹರ್ಟಿಯು ೧೮೮೪ನೆಯ ಇಸವಿ ಫೆಬ್ರವರಿ ೧೬ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ಪ್ರಾಂತದ ಐರನ್ ಮೌಂಟನ್ ಎಂಬ ಊರಿನಲ್ಲಿ ಜನಿಸಿದನು. ಹೆಸರೇ ಸೂಚಿಸುವಂತೆ ಅದು ಕಬ್ಬಿಣದ ಅದಿರಿನ ಊರು. ತಂದೆಯು ಗಣಿಯ ಕೆಲಸವನ್ನು ಬಲ್ಲವನು. ಬಾಲಕನು ತಂದೆಯೊಡನೆ ಕೆನಡ ದೇಶದ ಗಣಿಗಳ ಬೀಡುಗಳಲ್ಲಿ ಅಲೆದು ಬೆಳೆದನು. ಶಾಲೆಯ ವಿದ್ಯೆಗಿಂತ ಕಾಡು, ಮಂಜು, ದೋಣಿ, ನಾಯಿಗಳ ಜಾರುಬಂಡಿ ಇವುಗಳ ಪರಿಚಯವೇ ಆತನಿಗೆ ಹೆಚ್ಚಾಯಿತು. ೧೯೧೦ರಲ್ಲಿ ಸರ್ ವಿಲಿಯಂ ಮೆಕೆಂಜಿ ಎಂಬ ಕೆನಡದ ರೈಲ್ವೆ ಉದ್ಯಮಿಯು ಈತನನ್ನು ಅದಿರಿನ ಅನ್ವೇಷಣೆಗಾಗಿ ಹಡ್ಸನ್ ಕೊಲ್ಲಿಗೆ ಕಳುಹಿಸಿದನು. ಹಿಂದೆ ಎಸ್ಕಿಮೊಗಳೆಂದು ಕರೆಯುತ್ತಿದ್ದ, ಈಗ ತಮ್ಮದೇ ಹೆಸರಿನಿಂದ ಇನ್ಯುಯಿಟ್ ಎನಿಸಿಕೊಳ್ಳುವ ಜನರ ನಾಡು ಅದು. ನಾವಿಕರ ನಕಾಶೆಗಳಲ್ಲಿ ಬೆಲ್ಚರ್ ದ್ವೀಪಗಳು ಚುಕ್ಕೆಗಳಂತೆ ಮಾತ್ರ ಇದ್ದುವು. ಅವು ಬಹು ವಿಸ್ತಾರವಾದ ದ್ವೀಪಗಳೆಂದು ಇನ್ಯುಯಿಟ್ ಜನರು ಹೇಳಿದರು. ಫ್ಲಾಹರ್ಟಿಯು ಅವರ ಮಾತನ್ನು ನಂಬಿ ಹೋಗಿ ನೋಡಲಾಗಿ ಅವರು ಹೇಳಿದುದೇ ನಿಜವಾಯಿತು. ಅವುಗಳಲ್ಲಿ ದೊಡ್ಡ ದ್ವೀಪಕ್ಕೆ ಇಂದಿಗೂ ಫ್ಲಾಹರ್ಟಿಯ ಹೆಸರೇ ಇರುವುದು. ಸಿಕ್ಕಿದ ಅದಿರು ಮಾತ್ರ ಕೀಳುದರ್ಜೆಯದು.

೧೯೧೩ರ ಯಾತ್ರೆಗೆ ಹೊರಡುವಾಗ, ಚಲಚ್ಚಿತ್ರದ ಕ್ಯಾಮೆರಾ ಒಂದನ್ನೂ ಕೊಂಡುಹೋಗೆಂದು ಮೆಕೆಂಜಿಯು ಸಲಹೆಯಿತ್ತನು. ಫ್ಲಾಹರ್ಟಿಯು ರಾಚೆಸ್ಟರ್ ನಗರದಲ್ಲಿ ಮೂರು ವಾರಗಳ ಶಿಕ್ಷಣವನ್ನು ಪಡೆದನು. ಈ ವಿದ್ಯೆಯಲ್ಲಿ ಆತನು ಗುರುಮುಖದಿಂದ ಕಲಿತುದು ಇಷ್ಟೇ. ಮುಂದಿನ ವರ್ಷ ಫ್ರಾನ್ಸೆಸ್ ಹಬರ್ಡ್ ಎಂಬ ವಿದ್ಯಾವತಿಯನ್ನು ಮದುವೆಯಾದನು. ಆಕೆ ಕಡೆಯವರೆಗೂ ಆತನ ಕೆಲಸದಲ್ಲಿ ಸಮಭಾಗಿಯಾಗಿದ್ದಳು. ೧೯೧೬ರಲ್ಲಿ ಟೊರಾಂಟೊ ನಗರದಲ್ಲಿ ಚಿತ್ರವನ್ನು ಜೋಡಿಸುತ್ತಿದ್ದಾಗ ಆತನ ಸಿಗರೇಟಿನ ಕಿಡಿಯು ಫಿಲ್ಮಿನ ಮೇಲೆ ಬಿದ್ದಿತು. ಆ ಕಾಲದ ಫಿಲ್ಮು ಮದ್ದಿನಂತೆ ಹೊತ್ತಿಕೊಳ್ಳುವ ಪದಾರ್ಥ. ಸುಮಾರು ೩೦,೦೦೦ ಅಡಿಗಳ ಮೂಲಪ್ರತಿಯು ಕ್ಷಣಮಾತ್ರದಲ್ಲಿ ಬೂದಿಯಾಗಿ, ಆತನಿಗೂ ಸುಟ್ಟ ಗಾಯಗಳಾದುವು.

ಅಚ್ಚುಹಾಕಿದ ಪ್ರತಿಯೊಂದು ಹೇಗೋ ಉಳಿದಿದ್ದಿತು. ಅದನ್ನು ಮಿತ್ರರಿಗೆ ತೋರಿಸಲು, ಅವರು ಮರ್ಯಾದೆಗಾಗಿ ಮೆಚ್ಚಿಕೊಂಡರು. ಫ್ಲಾಹರ್ಟಿಯು ಎಲ್ಲೆಲ್ಲಿಗೆ ಹೋಗಿದ್ದನೆಂಬುದರಲ್ಲಿ ಅವರಿಗೆ ಕುತೂಹಲ ಹುಟ್ಟಿತೇ ಹೊರತು, ಅಲ್ಲಿಯ ಜನರಲ್ಲಿ ಹುಟ್ಟಲಿಲ್ಲ. ಇಲ್ಲೊಂದು ನೋಟ, ಅಲ್ಲೊಂದು ನೋಟ, ನಡುವೆ ಸೂತ್ರವಿಲ್ಲ. ಇದೇ ತನ್ನ ಚಿತ್ರದ ದೋಷವೆಂದು ಆತನಿಗೆ ಹೊಳೆಯಿತು. ಅನೇಕ ಜನರನ್ನು ಮೇಲೆ ಮೇಲೆ ತೋರಿಸುವುದಕ್ಕಿಂತ ಒಂದೇ ಸಂಸಾರವನ್ನು ವರ್ಷವೆಲ್ಲ ಹಿಂಬಾಲಿಸಿ ಅದರ ಬಾಳನ್ನು ತೋರಿಸಬೇಕೆಂದು ನಿಶ್ಚಯಿಸಿದನು. ಪಯಣಿಗನು ತೆಗೆದ ನೋಟಗಳ ಸರಣಿಗೂ ಸಾಕ್ಷ್ಯಚಿತ್ರಕ್ಕೂ ಇರುವ ಅಂತರವು ಈ ನಿಶ್ಚಯದಲ್ಲಿ ಅಡಗಿರುವುದು.

ತುಪ್ಪುಳುಚರ್ಮದ ವ್ಯಾಪಾರಿಗಳಾದ ರೆವಿಯೋನ್ ಸಹೋದರರ ಸಂಸ್ಥೆಯು ಹಣವನ್ನು ಒದಗಿಸಿತು. ೧೯೨೦ರ ಆಗಸ್ಟಿನಲ್ಲಿ ಫ್ಲಾಹರ್ಟಿಯು ಹಡ್ಸನ್ ಕೊಲ್ಲಿಯ ಪೂರ್ವತೀರದ ಪೋರ್ಟ್ ಹ್ಯಾರಿಸನ್ನಿಗೆ ಹೋಗಿ ಒಂದು ವರ್ಷವಿದ್ದನು. ಈಗ ಆ ಊರಿನ ಹೆಸರು ಇನುಕ್ಜುವಾಕ್. ಅಲ್ಲಕರಿಯಲ್ಲಕ್ ಎಂಬ ಬೇಟೆಗಾರನನ್ನು ಆರಿಸಿ ಆತನಿಗೆ ನಾನೂಕ್ ಎಂದು ಹೆಸರಿಟ್ಟನು. ಆ ಜನರ ಭಾಷೆಯಲ್ಲಿ ಈ ಶಬ್ದಕ್ಕೆ ಹಿಮಕರಡಿಯೆಂದು ಅರ್ಥ. ತೆಗೆದ ಫಿಲ್ಮನ್ನು ಆತನು ಅಲ್ಲಿಯೇ ತೊಳೆದು ಅಚ್ಚುಹಾಕಿದನು. ಯಂತ್ರದಿಂದ ಬರುವ ವಿದ್ಯುದ್ದೀಪವು ನಿಲ್ಲದೆ ಮಿನುಗುತ್ತಿದ್ದುದರಿಂದ, ಕಿಟಕಿಯನ್ನು ಮುಚ್ಚಿ, ಫಿಲ್ಮಿನ ಒಂದು ಚೌಕದಷ್ಟೇ ಬೆಳಕು ಬರುವಂತೆ ಬಿಟ್ಟು, ಹಗಲಿನ ಬೆಳಕಿನಿಂದಲೇ ಅಚ್ಚುಹಾಕಬೇಕಾಯಿತು. ತೊಳೆಯುವ ನೀರನ್ನು ಮಂಜುಗಡ್ಡೆಯಲ್ಲಿ ತೂತು ಕೊರೆದು ಇನ್ಯುಯಿಟ್ ಜನರು ಹೊತ್ತು ತಂದರು. ಕ್ಯಾಮೆರಾ ನೀರಿಗೆ ಬಿದ್ದಾಗ ಅದನ್ನು ಬಿಚ್ಚಿ, ಒರಸಿ, ಮತ್ತೆ ಜೋಡಿಸಿದವರೂ ಅವರೇ. ಚಿತ್ರದಲ್ಲಿ ಕಾಣುವವರೇ ಚಿತ್ರವನ್ನು ತೆಗೆಯುವುದರಲ್ಲಿಯೂ ಕೈಜೋಡಿಸಿದ್ದರು. ವಾಲ್ರಸ್ ಎಂಬ ಕಡಲಪ್ರಾಣಿಯ ಬೇಟೆಯ ಭಾಗವನ್ನು ಅವರಿಗೆ ಮೊದಲು ತೋರಿಸಿದಾಗ, ತೆರೆಯ ಮೇಲಿನ ಪ್ರಾಣಿಯನ್ನು ಹಿಡಿ, ಬಿಡಬೇಡ ಎಂದು ಎಲ್ಲರೂ ಕೂಗಿಕೊಂಡರಂತೆ.

“ನಾನೂಕ್ ಆಫ್ ದಿ ನಾರ್ತ್” ಎಂಬ ಈ ಚಿತ್ರವನ್ನು ದೊಡ್ಡ ಹಂಚಿಕೆದಾರರು ಮೊದಲು ನಿರಾಕರಿಸಿದರು. ಕಡೆಗೆ ಪಾಥೆ ಸಂಸ್ಥೆಯವರ ಮೂಲಕ ೧೯೨೨ರ ಜೂನ್ ೧೧ರಂದು ನ್ಯೂಯಾರ್ಕಿನ ಕ್ಯಾಪಿಟಲ್ ನಾಟಕಶಾಲೆಯಲ್ಲಿ ಅದು ಪ್ರಕಟವಾಯಿತು. ಪರಿಣಾಮವು ಅದ್ಭುತವಾಯಿತು. ನಟರಿಲ್ಲ, ನಾಯಿಕಾನಾಯಕರ ಪ್ರಣಯವಿಲ್ಲ. ಹಸಿವು, ಮಂಜು, ಮಕ್ಕಳ ನಗು, ತಂದೆಯ ದುಡಿಮೆ ಇಷ್ಟೇ ಇದ್ದರೂ ಜನರು ಮನಸೋತು ನೋಡಿದರು. ೧೯೮೯ರಲ್ಲಿ ಅಮೆರಿಕದವರು ತಮ್ಮ ದೇಶದಲ್ಲಿ ರಕ್ಷಿಸಿಡತಕ್ಕ ಚಿತ್ರಗಳ ಪಟ್ಟಿಯನ್ನು ಆರಂಭಿಸಿದಾಗ, ಮೊದಲು ಆರಿಸಿದ ೨೫ ಚಿತ್ರಗಳಲ್ಲಿ ಇದೂ ಒಂದಾಗಿದ್ದಿತು.

ಇನ್ನು ನಾಣ್ಯದ ಇನ್ನೊಂದು ಮುಖವನ್ನು ನೋಡೋಣ. ಚಿತ್ರದಲ್ಲಿ ನಾನೂಕನು ಈಟಿಯಿಂದ ಬೇಟೆಯಾಡುವನು. ನಿಜವಾಗಿ ಆ ಜನರು ಆ ವೇಳೆಗೆ ಬಂದೂಕನ್ನು ಉಪಯೋಗಿಸುತ್ತಿದ್ದರು. ವಾಲ್ರಸ್ಸಿನೊಡನೆ ಹೆಣಗುತ್ತಿದ್ದ ಬೇಟೆಗಾರರು ಬಂದೂಕು ಹಾರಿಸೆಂದು ಕೂಗಿದರೂ ಫ್ಲಾಹರ್ಟಿಯು ಕೇಳಿಸದವನಂತೆ ಕ್ಯಾಮೆರಾ ತಿರುಗಿಸುತ್ತಲೇ ಇದ್ದನು. ಹಿಮದ ಗೂಡಾದ ಇಗ್ಲೂವಿನ ಒಳಗೆ ಕ್ಯಾಮೆರಾಕ್ಕೆ ಸಾಲುವಷ್ಟು ಬೆಳಕಿಲ್ಲದುದರಿಂದ, ವಾಡಿಕೆಗಿಂತ ದೊಡ್ಡದಾದ ಗೂಡನ್ನು ಕಟ್ಟಿಸಿ ಅದರ ಅರ್ಧವನ್ನು ಕತ್ತರಿಸಿ ತೆಗೆದರು. ಸಂಸಾರವು ಬೆಚ್ಚಗೆ ಮಲಗಿ ಏಳುವ ದೃಶ್ಯವನ್ನು ಬಯಲಿನ ಚಳಿಯಲ್ಲಿಯೇ ಅಭಿನಯಿಸಬೇಕಾಯಿತು. ಆ ಸಂಸಾರವೂ ನಿಜವಾದ ಸಂಸಾರವಲ್ಲ, ಆರಿಸಿ ಕೂಡಿಸಿದುದು. ಗ್ರಾಮಫೋನನ್ನು ಎಂದೂ ಕಾಣದವನಂತೆ ನಾನೂಕನು ತಟ್ಟೆಯನ್ನು ಕಚ್ಚಿ ನೋಡುವುದೂ ಆಟವೇ.

ಇದನ್ನೆಲ್ಲ ಸುಳ್ಳೆನ್ನೋಣವೇ? ಭರತಮುನಿಯು ಪ್ರಯೋಗದಲ್ಲಿ ಲೋಕಧರ್ಮಿ, ನಾಟ್ಯಧರ್ಮಿ ಎಂಬ ಎರಡು ರೀತಿಗಳನ್ನು ಹೇಳಿರುವನು. ಲೋಕದಲ್ಲಿ ಇರುವಂತೆ ತೋರಿಸುವುದು ಮೊದಲನೆಯದು. ರಂಗದ ಅನುಕೂಲಕ್ಕೆ ತಕ್ಕಂತೆ ಸಂಕೇತಗಳಿಂದ ತೋರಿಸುವುದು ಎರಡನೆಯದು. ಇಗ್ಲೂವಿನ ಗೋಡೆಯನ್ನು ಕತ್ತರಿಸಿದುದು ನಾಟ್ಯಧರ್ಮಿ; ನಾಟಕದ ಅರಮನೆಗೆ ನಾಲ್ಕನೆಯ ಗೋಡೆ ಇಲ್ಲದಂತೆ ಅದು. ಅದರಿಂದ ಯಾರಿಗೂ ವಂಚನೆಯಾಗಲಿಲ್ಲವೆನ್ನಬಹುದು. ಬಂದೂಕನ್ನು ಮರೆಮಾಡಿದುದು ಅಷ್ಟು ಸುಲಭವಾಗಿ ಪರಿಹಾರವಾಗತಕ್ಕ ಸಂಗತಿಯಲ್ಲ. ತಂದೆತಾತಂದಿರ ಕಾಲದ ಬಾಳನ್ನು ಇಂದಿನ ಬಾಳೆಂದು ತೋರಿಸಿದರೆ, ನೋಡುವವರು ಆ ಜನರನ್ನು ಕಾಲದಿಂದ ಹೊರಗೆ ನಿಂತವರೆಂದು ತಿಳಿಯುವರು. ಹಣ ಕೊಟ್ಟವರು ತುಪ್ಪುಳುಚರ್ಮದ ವ್ಯಾಪಾರಿಗಳು. ಚಿತ್ರದಲ್ಲಿ ವ್ಯಾಪಾರದ ಮಳಿಗೆಯು ಬಹು ಸೌಮ್ಯವಾಗಿ ಕಾಣಿಸಿಕೊಳ್ಳುವುದನ್ನೂ ಗಮನಿಸಬೇಕು. ವಸ್ತುವಿನ ಸತ್ತ್ವವನ್ನು ಹಿಡಿಯಬೇಕಾದರೆ ಕೆಲವೊಮ್ಮೆ ಅದನ್ನು ತಿರುಚಲೇಬೇಕೆಂಬುದು ಫ್ಲಾಹರ್ಟಿಯ ಅಭಿಪ್ರಾಯವಾಗಿದ್ದಿತು.

ಚಿತ್ರದ ಆಚೆಗಿನ ಕಥೆಯೂ ಕರುಣಾಜನಕವಾದುದು. ಅಲ್ಲಕರಿಯಲ್ಲಕನು ಚಿತ್ರ ಮುಗಿದ ಸುಮಾರು ಎರಡು ವರ್ಷಗಳಲ್ಲಿ ತೀರಿಕೊಂಡನು. ಬೇಟೆ ಸಿಕ್ಕದೆ ಹಸಿವಿನಿಂದ ಸತ್ತನೆಂದು ಫ್ಲಾಹರ್ಟಿಯು ಹೇಳಿದನು. ಕ್ಷಯರೋಗದಿಂದ ಸತ್ತಿರಬೇಕೆಂದು ಈಚಿನವರು ಹೇಳುವರು. ಅಲ್ಲಿಯ ಇನ್ಯುಯಿಟ್ ಹೆಂಗಸೊಬ್ಬಳಲ್ಲಿ ಫ್ಲಾಹರ್ಟಿಗೆ ಮಗನೊಬ್ಬನು ಜನಿಸಿದನು. ತಂದೆಯು ಆ ವೇಳೆಗೆ ಊರು ಬಿಟ್ಟು ಹೊರಟುಹೋಗಿದ್ದನು. ಆತನು ಮತ್ತೆ ಅತ್ತ ಬರಲಿಲ್ಲ, ಮಗನನ್ನು ಒಪ್ಪಿಕೊಳ್ಳಲೂ ಇಲ್ಲ. ೧೯೫೦ರ ದಶಕದಲ್ಲಿ ಕೆನಡ ಸರ್ಕಾರವು ಇನುಕ್ಜುವಾಕಿನ ಕೆಲವು ಸಂಸಾರಗಳನ್ನು ಬಹು ದೂರದ ಉತ್ತರಕ್ಕೆ, ತಿಂಗಳುಗಟ್ಟಲೆ ಸೂರ್ಯನು ಕಾಣದ ಎಲ್ಸ್‌ಮಿಯರ್ ದ್ವೀಪ ಮುಂತಾದ ಕಡೆಗಳಿಗೆ ಸಾಗಿಸಿತು. ೧೯೫೫ರಲ್ಲಿ ಹಾಗೆ ಹೋದವರಲ್ಲಿ ಆ ಮಗನೂ ಒಬ್ಬನು. ಈ ಸಾಗಾಟಕ್ಕಾಗಿ ಸರ್ಕಾರವು ೨೦೧೦ರಲ್ಲಿ ಕ್ಷಮಾಪಣೆಯನ್ನು ಕೇಳಿತು. ಒಂದು ಸಂಸಾರದ ಒಲುಮೆಯನ್ನು ಲೋಕಕ್ಕೆಲ್ಲ ತೋರಿಸಿ ಕೀರ್ತಿ ಪಡೆದವನು ತನ್ನಿಂದಾದ ಸಂಸಾರವೊಂದನ್ನು ಹಿಂದಿರುಗಿ ನೋಡಲಿಲ್ಲವೆಂಬುದನ್ನು ಗೃಹಸ್ಥರಾದ ವಾಚಕರಿಗೆ ಹೇಳದೆ ಬಿಡುವುದು ನಮಗೆ ಉಚಿತವೆಂದು ತೋರಲಿಲ್ಲ.

ನಾನೂಕನ ಜಯವನ್ನು ಕಂಡು ಹಾಲಿವುಡ್ಡಿನ ಪ್ಯಾರಮೌಂಟ್ ಸಂಸ್ಥೆಯು ಇಂತಹುದೇ ಇನ್ನೊಂದು ಚಿತ್ರವನ್ನು ತೆಗೆದುಕೊಡೆಂದು ಫ್ಲಾಹರ್ಟಿಯನ್ನು ಪೆಸಿಫಿಕ್ ಸಾಗರದ ಸಮೋವ ದ್ವೀಪಗಳಿಗೆ ಕಳುಹಿಸಿತು. ಹೆಂಡತಿ ಮಕ್ಕಳೊಡನೆ ಆತನು ೧೯೨೩ರಿಂದ ಒಂದು ವರ್ಷಕ್ಕೂ ಮಿಕ್ಕಿ ಸಾಫುನೆ ಎಂಬ ಹಳ್ಳಿಯಲ್ಲಿದ್ದನು. ಅಲ್ಲಿ ಹಸಿವಿಲ್ಲ, ಮಂಜಿಲ್ಲ. ಹೋರಾಟವನ್ನು ಎಲ್ಲಿಂದ ತರುವುದು? ಆಗಲೇ ಮಾಸುತ್ತಿದ್ದ ಹಚ್ಚೆಯ ಸಂಸ್ಕಾರವನ್ನು ಯುವಕನೊಬ್ಬನಿಗೆ ಮಾಡಿಸಿ ಅದನ್ನು ಚಿತ್ರದ ಶಿಖರವನ್ನಾಗಿ ಮಾಡಿದನು. ಹಚ್ಚೆಯ ಸೂಜಿಯ ನೋವು ಮಾತ್ರ ಅಭಿನಯವಾಗಿರಲಿಲ್ಲ. ಹಳೆಯ ಬಗೆಯ ಫಿಲ್ಮಿನಲ್ಲಿ ಕೆಂಪು ಬಣ್ಣವು ಕಪ್ಪಾಗಿ ಕಾಣುತ್ತಿದ್ದುದರಿಂದ, ಎಲ್ಲ ಬಣ್ಣಗಳನ್ನೂ ಹದವಾಗಿ ಹಿಡಿಯುವ ಹೊಸ ಫಿಲ್ಮನ್ನು ಉಪಯೋಗಿಸಲು, ಆ ಜನರ ಮೈಬಣ್ಣವೂ ಗಿಡಮರಗಳೂ ಜೀವಕಳೆಯಿಂದ ತೋರಿದುವು. “ಮೊಆನ” ಎಂಬ ಈ ಚಿತ್ರವು ೧೯೨೬ರಲ್ಲಿ ಹೊರಬಂದಾಗ, ಜಾನ್ ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡಿನ ವಿಮರ್ಶಕನು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರೆಯುತ್ತ, ಇದಕ್ಕೆ ಡಾಕ್ಯುಮೆಂಟರಿಯ ಬೆಲೆಯುಂಟು ಎಂದನು. ನಾವು ಸಾಕ್ಷ್ಯಚಿತ್ರವೆಂದು ಕನ್ನಡಿಸಿರುವ ಶಬ್ದವು ಹೀಗೆ ಬಳಕೆಗೆ ಬಂದಿತು. ಬೇರೆ ನಿರ್ದೇಶಕರೊಡನೆ ಕೂಡಿ ಮಾಡಿದ ಹಾಲಿವುಡ್ಡಿನ ಚಿತ್ರಗಳು ಆತನಿಗೆ ಒಗ್ಗಲಿಲ್ಲ. ಆದುದರಿಂದ ೧೯೩೧ರಲ್ಲಿ ಯೂರೋಪಿನ ಕಡೆಗೆ ಮುಖಮಾಡಿದನು.

ಐರ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಅರಾನ್ ದ್ವೀಪಗಳಲ್ಲಿ ಬರಿಯ ಸುಣ್ಣಕಲ್ಲಿನ ನೆಲ. ಅಲ್ಲಿಯ ಒಕ್ಕಲಿಗರು ಮರಳನ್ನೂ ಕಡಲಕಳೆಯನ್ನೂ ಹೊತ್ತು ತಂದು ಬಂಡೆಯ ಮೇಲೆ ಹರಡಿ ಮಣ್ಣನ್ನೇ ತಯಾರಿಸಿ ಆಲೂಗಡ್ಡೆಯನ್ನು ಬೆಳೆಯುವರು. ಈ ದುಡಿಮೆಯನ್ನು ಫ್ಲಾಹರ್ಟಿಯು “ಮ್ಯಾನ್ ಆಫ್ ಅರಾನ್” ಎಂಬ ಚಿತ್ರದಲ್ಲಿ ಮನಮುಟ್ಟುವಂತೆ ತೋರಿಸಿದನು. ೧೯೩೪ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ಅದಕ್ಕೆ ಉತ್ತಮ ವಿದೇಶೀ ಚಿತ್ರವೆಂಬ ಬಹುಮಾನವೂ ದೊರೆಯಿತು. ಆದರೆ ಚಿತ್ರದಲ್ಲಿ ಬರುವ ಷಾರ್ಕ್ ಮೀನಿನ ಬೇಟೆಯು ಆ ದ್ವೀಪದಲ್ಲಿ ನಿಂತುಹೋಗಿ ಹಲವು ದಶಕಗಳಾಗಿದ್ದುವು. ಈಟಿಯನ್ನು ಎಸೆಯುವ ಬಗೆಯನ್ನು ಈ ಕಾಲದ ದ್ವೀಪವಾಸಿಗಳಿಗೆ ಹೊಸದಾಗಿ ಕಲಿಸಬೇಕಾಯಿತು. ಬಿರುಗಾಳಿಯಲ್ಲಿ ದೋಣಿಯನ್ನು ದಡಕ್ಕೆ ತರುವ ದೃಶ್ಯಕ್ಕಾಗಿ ಅವರು ಪ್ರಾಣವನ್ನೇ ಪಣವಾಗಿಟ್ಟರು. ಆ ಜನರಿಂದ ಇಂತಹ ಕೆಲಸವನ್ನು ಮಾಡಿಸಿದುದಕ್ಕೆ ತನ್ನನ್ನು ಗುಂಡಿಟ್ಟು ಕೊಲ್ಲಬೇಕಾಗಿತ್ತೆಂದು ಫ್ಲಾಹರ್ಟಿಯೇ ಅನಂತರ ಹೇಳಿಕೊಂಡನು.

ಅರಾನಿನ ಕೀರ್ತಿಯೇ ಆತನನ್ನು ನಮ್ಮ ನಾಡಿಗೆ ಕರೆತಂದಿತು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡನು, ಕಿಪ್ಲಿಂಗ್ ಕವಿಯು ಬರೆದ ಆನೆಯ ಹುಡುಗ ತೂಮಾಯಿಯ ಕಥೆಯನ್ನು ಚಿತ್ರವಾಗಿ ತೆಗೆಯುವುದಕ್ಕೆ ಆತನನ್ನು ೧೯೩೫ರಲ್ಲಿ ಮೈಸೂರಿಗೆ ಕಳುಹಿಸಿದನು. ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಉದಾರವಾಗಿ ನೆರವಾದರು. ವಾಸಕ್ಕೆ ಚಿತ್ತರಂಜನ ಮಹಲೂ, ಚಿತ್ರಕ್ಕೆ ಗಜಶಾಲೆಯ ಆನೆಗಳೂ ದೊರೆತುವು. ಕಾರಾಪುರದಲ್ಲಿ ಹುಟ್ಟಿ, ಮಾವುತನಾದ ತಂದೆಯನ್ನು ಎಳೆವಯಸ್ಸಿನಲ್ಲಿಯೇ ಕಳೆದುಕೊಂಡು, ಗಜಶಾಲೆಯಲ್ಲಿ ಬೆಳೆಯುತ್ತಿದ್ದ ಸಾಬು ಎಂಬ ಬಾಲಕನನ್ನು ಛಾಯಾಗ್ರಾಹಕ ಆಸ್ಮಂಡ್ ಬೊರಡೇಲನು ಗುರುತಿಸಿದನು. ಆ ಹುಡುಗನಿಗೆ ಇಂಗ್ಲಿಷು ಬಾರದು. ಆನೆಯ ಭಾಷೆ ಮಾತ್ರ ಚೆನ್ನಾಗಿ ಬರುತ್ತಿದ್ದಿತು. ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ಏರ್ಪಾಡಾಗಿ, ಕಾಡಾನೆಗಳ ಹಿಂಡನ್ನು ಹೊಳೆ ದಾಟಿಸಿ ಬೇಲಿಯೊಳಕ್ಕೆ ಅಟ್ಟುವ ಮಹಾದೃಶ್ಯವನ್ನು ಕ್ಯಾಮೆರಾ ಸೆರೆಹಿಡಿಯಿತು. ಪತ್ನಿ ಫ್ರಾನ್ಸೆಸಳು ಇಲ್ಲಿಂದ ಬರೆದ ಪತ್ರಗಳು ೧೯೩೭ರಲ್ಲಿ “ಎಲಿಫೆಂಟ್ ಡಾನ್ಸ್” ಎಂಬ ಪುಸ್ತಕವಾಗಿ ಬಂದುವು.

ಫ್ಲಾಹರ್ಟಿಯ ಪದ್ಧತಿಯೆಂದರೆ ಕಾಯುವುದು, ನೋಡುವುದು, ಬೇಕಾದಷ್ಟು ಫಿಲ್ಮನ್ನು ತಿರುಗಿಸುವುದು. ಕೋರ್ಡನಿಗೆ ಬೇಕಾಗಿದ್ದುದು ಕಥೆ. ಆದುದರಿಂದ ಎಲ್ಲರನ್ನೂ ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿ, ತಮ್ಮನಾದ ಜೋಲ್ಟಾನ್ ಕೋರ್ಡನಿಂದ ಉಳಿದ ಭಾಗವನ್ನು ಡೆನ್‌ಹ್ಯಾಮಿನ ಸ್ಟುಡಿಯೋದಲ್ಲಿ ತೆಗೆಯಿಸಿದನು. “ಎಲಿಫೆಂಟ್ ಬಾಯ್” ಎಂಬ ಹೆಸರಿನಿಂದ ೧೯೩೭ರಲ್ಲಿ ಪ್ರಕಟವಾದ ಆ ಚಿತ್ರಕ್ಕಾಗಿ ವೆನಿಸ್ಸಿನಲ್ಲಿ ಇಬ್ಬರಿಗೂ ಉತ್ತಮ ನಿರ್ದೇಶಕರೆಂಬ ಬಹುಮಾನ ಬಂದಿತು. ಸಾಬುವಿನ ಮುಂದಿನ ಬಾಳು ಇನ್ನೊಂದು ಕಥೆಯಂತಿರುವುದು. ಆತನು ಹಾಲಿವುಡ್ಡಿನಲ್ಲಿ ಪ್ರಸಿದ್ಧ ನಟನಾಗಿ, ೧೯೪೪ರಲ್ಲಿ ಅಮೆರಿಕದ ಪೌರತ್ವವನ್ನು ಪಡೆದು, ಯುದ್ಧದಲ್ಲಿ ಬಾಂಬು ವಿಮಾನದ ಗುಂಡುಗಾರನಾಗಿ ಸೇವೆ ಮಾಡಿ, ೧೯೬೩ರ ಡಿಸೆಂಬರಿನಲ್ಲಿ ೩೯ರ ವಯಸ್ಸಿನಲ್ಲಿಯೇ ಅಲ್ಲಿ ತೀರಿಕೊಂಡನು.

ಇಲ್ಲೊಂದು ವಿಚಿತ್ರವುಂಟು. ಈ ಚಿತ್ರವು ಕಟ್ಟಿದ ಕಥೆ. ಸಾಕ್ಷ್ಯಚಿತ್ರವೆಂಬ ಹೆಸರೇ ಇದಕ್ಕಿಲ್ಲ. ಆದರೆ ಕಾಕನಕೋಟೆಯ ಖೆಡ್ಡಾ ೧೯೭೧ಕ್ಕೆ ಕೊನೆಗೊಂಡಿತು. ಆ ಕಾಡಿನ ಒಂದು ಭಾಗವು ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿರುವುದು. ಹೊಳೆ, ಆನೆ, ಮಾವುತ, ಕಾಡು ಇವುಗಳನ್ನು ೧೯೩೫-೩೬ರಲ್ಲಿ ಇದ್ದಂತೆಯೇ ನೋಡಬೇಕೆನ್ನುವ ಮೈಸೂರಿಗನಿಗೆ ಆ ಕಥಾಚಿತ್ರವೇ ಸಾಕ್ಷಿಯಾಗಿ ಉಳಿದಿರುವುದು. ಸಾಕ್ಷ್ಯಚಿತ್ರವೆಂದು ಹೊಗಳಿಸಿಕೊಂಡ ಅರಾನಿನಲ್ಲಿ ಕಲಿಸಿ ಮಾಡಿಸಿದ ಬೇಟೆ, ಕಥೆಯೆಂದು ಒಪ್ಪಿಕೊಂಡ ಚಿತ್ರದಲ್ಲಿ ನಿಜವಾದ ಖೆಡ್ಡಾ! ದಂಡಿಯ ಮಾತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕೇ?

ಅಮೆರಿಕಕ್ಕೆ ಮರಳಿದ ಮೇಲೆ ಫ್ಲಾಹರ್ಟಿಯು ಅಲ್ಲಿಯ ಸರ್ಕಾರದ ವ್ಯವಸಾಯ ಇಲಾಖೆಗಾಗಿ “ದಿ ಲ್ಯಾಂಡ್” ಎಂಬ ಚಿತ್ರವನ್ನು ತೆಗೆದನು. ಕೊಚ್ಚಿಹೋದ ಮಣ್ಣು, ಪಾಳುಬಿದ್ದ ಮನೆಗಳು, ಕೂಲಿಗಾಗಿ ಊರೂರು ಅಲೆಯುವ ರೈತರು ಇವೇ ಅದರ ವಿಷಯ. ಇದರಲ್ಲಿ ಹಳೆಯ ಕಾಲದ ಅಭಿನಯವಿಲ್ಲ. ಕಣ್ಣೆದುರಿನ ದಾರಿದ್ರ್ಯವನ್ನು ಕಂಡಂತೆಯೇ ತೋರಿಸಿದನು. ಚಿತ್ರವು ೧೯೪೨ರಲ್ಲಿ ಸಿದ್ಧವಾಗುವ ವೇಳೆಗೆ ಅಮೆರಿಕವು ಯುದ್ಧಕ್ಕಿಳಿದಿದ್ದಿತು. ದೇಶದ ಇಂತಹ ಮುಖವನ್ನು ತೋರಿಸುವುದು ಆ ಸಮಯಕ್ಕೆ ಸಲ್ಲದೆಂದು ಅದನ್ನು ಹೆಚ್ಚಾಗಿ ಪ್ರದರ್ಶಿಸದೆ ಇಟ್ಟುಬಿಟ್ಟರು. ಸುಂದರವಾದ ಹಳೆಯ ಬಾಳನ್ನು ಕಲ್ಪಿಸಿದಾಗ ಬಹುಮಾನ, ಇದ್ದುದನ್ನು ಇದ್ದಂತೆ ತೋರಿಸಿದಾಗ ಮೂಲೆ!

ಕಡೆಯ ದೊಡ್ಡ ಚಿತ್ರವಾದ “ಲೂಯಿಸಿಯಾನ ಸ್ಟೋರಿ” ೧೯೪೮ರಲ್ಲಿ ಬಂದಿತು. ಜೌಗುನೀರಿನ ನಾಡಿನಲ್ಲಿ ಪುಟ್ಟ ದೋಣಿಯಲ್ಲಿ ತಿರುಗುವ ಹುಡುಗನೊಬ್ಬನ ಲೋಕಕ್ಕೆ ಎಣ್ಣೆಬಾವಿಯನ್ನು ತೋಡುವ ಯಂತ್ರವು ಬರುವುದು; ಬಂದು, ಎಣ್ಣೆಯನ್ನು ತೆಗೆದು, ಯಾರಿಗೂ ಕೇಡಿಲ್ಲದೆ ಹೊರಟುಹೋಗುವುದು. ಇದಕ್ಕೆ ಹಣವನ್ನು ಕೊಟ್ಟುದು ನ್ಯೂಜೆರ್ಸಿಯ ಸ್ಟಾಂಡರ್ಡ್ ಆಯಿಲ್ ಸಂಸ್ಥೆ. ಸಂಸ್ಥೆಯ ಹೆಸರು ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಚಿತ್ರದ ಹಕ್ಕನ್ನೂ ಫ್ಲಾಹರ್ಟಿಗೇ ಬಿಟ್ಟುಕೊಟ್ಟರು. ಚಿತ್ರದ ಸೌಂದರ್ಯವು ಅಪೂರ್ವವಾದುದು. ವರ್ಜಿಲ್ ಥಾಮ್ಸನ್ ರಚಿಸಿದ ಅದರ ಸಂಗೀತಕ್ಕೆ ಪುಲಿಟ್ಜರ್ ಬಹುಮಾನವೂ ಬಂದಿತು. ಆದರೆ ಎಣ್ಣೆಗಾಗಿ ತೋಡಿದ ಕಾಲುವೆಗಳು ಅದೇ ಕರಾವಳಿಯ ಜೌಗುಭೂಮಿಯು ಕರಗಿಹೋಗುವುದಕ್ಕೆ ಒಂದು ಕಾರಣವಾದುವೆಂಬುದನ್ನು ಇಂದು ತಿಳಿದಿರುವ ನಮಗೆ ಆ ನಿರಪಾಯವಾದ ಮುಕ್ತಾಯವನ್ನು ಮೊದಲಿನಂತೆ ನೋಡಲಾಗದು. ೧೯೫೧ರ ಜುಲೈ ೨೩ರಂದು ಫ್ಲಾಹರ್ಟಿಯು ವರ್ಮಂಟ್ ಪ್ರಾಂತದ ತನ್ನ ತೋಟದ ಮನೆಯಲ್ಲಿ ನಿಧನನಾದನು. ಆತನ ಹೆಸರಿನಲ್ಲಿ ಫ್ರಾನ್ಸೆಸಳು ೧೯೫೫ರಲ್ಲಿ ಆರಂಭಿಸಿದ ವಿಚಾರಗೋಷ್ಠಿಗೆ ೧೯೫೮ರಲ್ಲಿ ನಮ್ಮ ಸತ್ಯಜಿತ್ ರಾಯರೂ ಹೋಗಿದ್ದರು.

ಹೀಗೆ ನೋಡಿದರೆ, ಮೂವತ್ತು ವರ್ಷಗಳ ವೃತ್ತಿಯಲ್ಲಿ ಪೂರ್ಣವಾಗಿ ತನ್ನದೆನ್ನಬಹುದಾದ ಕೆಲವೇ ಚಿತ್ರಗಳನ್ನು ಫ್ಲಾಹರ್ಟಿಯು ಬಿಟ್ಟುಹೋದನು. ದೂರದ ಜನರು ವಿನೋದಕ್ಕೆ ನೋಡತಕ್ಕ ವಸ್ತುಗಳಲ್ಲ, ನಮ್ಮಂತೆಯೇ ಹೆಂಡಿರು ಮಕ್ಕಳೊಡನೆ ಬಾಳುವವರು ಎಂಬುದನ್ನು ಅವು ಲೋಕಕ್ಕೆ ಕಲಿಸಿದುವು. ಈ ಉಪಕಾರವನ್ನು ಮರೆಯಲಾಗದು. ಆದರೆ ಅವರ ಬಾಳು ಹೇಗಿರಬೇಕೆಂಬುದನ್ನು ಅವರಿಗೆ ಬದಲಾಗಿ ತಾನೇ ನಿರ್ಣಯಿಸಿದನೆಂಬುದೂ ನಿಜ. ಆ ನಿರ್ಣಯವನ್ನು ಈಗ ಅವರೇ ತಮ್ಮ ಕೈಗೆ ತೆಗೆದುಕೊಂಡಿರುವರು. ೨೦೦೧ರಲ್ಲಿ ಜಕರಾಯಸ್ ಕುನುಕ್ ಎಂಬ ಇನ್ಯುಯಿಟ್ ನಿರ್ದೇಶಕನು ತಮ್ಮ ಭಾಷೆಯಲ್ಲಿಯೇ ತೆಗೆದ “ಅತನಾರ್ಜುವಾತ್” ಎಂಬ ಚಿತ್ರಕ್ಕೆ ಕಾನ್ ನಗರದ ಉತ್ಸವದಲ್ಲಿ ಚೊಚ್ಚಲ ಚಿತ್ರದ ಬಹುಮಾನ ಬಂದಿತು. ನಾನೂಕನ ನಾಡಿನವರು ಕ್ಯಾಮೆರಾದ ಮುಂದಿನಿಂದ ಅದರ ಹಿಂದಕ್ಕೆ ಬರಲು ಎಂಭತ್ತು ವರ್ಷಗಳೇ ಹಿಡಿದುವು.

ಇಂದು ನಮ್ಮ ಮನೆಗಳಲ್ಲಿ ದೂರದರ್ಶನವೂ ಮೊಬೈಲೂ ಹಗಲಿರುಳು ಸಾಕ್ಷಿ ನುಡಿಯುತ್ತಿರುವುವು. ಮಕ್ಕಳೊಡನೆ ಇಂತಹ ಚಿತ್ರವನ್ನು ನೋಡಿ ಮುಗಿಸಿದ ಮೇಲೆ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಇದಕ್ಕೆ ಹಣ ಕೊಟ್ಟವರು ಯಾರು? ಕಂಡುದರಲ್ಲಿ ತಾನಾಗಿ ನಡೆದುದೆಷ್ಟು, ನಡೆಯಿಸಿದುದೆಷ್ಟು? ಚಿತ್ರ ಮುಗಿದ ಮೇಲೆ ಅದರಲ್ಲಿ ಕಂಡ ಜನರ ಗತಿ ಏನಾಯಿತು? ಇದರಿಂದ ನೋಡುವ ಸಂತೋಷವು ಕಡಿಮೆಯಾಗದು. ಬಾಣನು ಅಲಂಕರಿಸಿ ಬರೆದನೆಂದು ತಿಳಿದೂ ನಾವು ಹರ್ಷಚರಿತವನ್ನು ಆದರದಿಂದ ಓದುವೆವು. ಅಲಂಕಾರ ಯಾವುದು, ವೃತ್ತಾಂತ ಯಾವುದು ಎಂಬ ವಿವೇಕವನ್ನು ಮಾತ್ರ ಬಿಡುವುದಿಲ್ಲ. ಆ ವಿವೇಕವನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಲು ಮೊದಲುಮಾಡಬಹುದು.